ಅವರಿಗೆ 24 ಡಾಲರ್, ನನಗೆ 200: ಪಕ್ಕದ ರಾಜ್ಯದಲ್ಲಿ ಜಿಂಕೆ ಬೇಟೆ ಲೈಸೆನ್ಸ್ ಯಾಕಿಷ್ಟು ದುಬಾರಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಗ್ರೀನ್ ಕಾರ್ಡ್ ಇದೆ. ಇಲಿನಾಯ್ಸ್‌ನ ಬೇಟೆ ತರಬೇತಿ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಗೊಂಡಿದ್ದೇನೆ. ನನ್ನ ಸಹೋದ್ಯೋಗಿಯ ಮಾವನವರಿಗೆ ವಿಸ್ಕಾನ್ಸಿನ್‌ನ ರಿಚ್‌ಲ್ಯಾಂಡ್ ಕೌಂಟಿಯಲ್ಲಿ ಜಮೀನಿದೆ. ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಬಾ ಅಂತ ಕರೆದಿದ್ದಾರೆ. ಖುಷಿಯಾಗಿ ಲೈಸೆನ್ಸ್ ಬೆಲೆ ನೋಡಿದೆ. ಅಲ್ಲಿನವರಿಗೆ 24 ಡಾಲರ್, ಹೊರಗಿನವರಿಗೆ 200! ಕಾಡು ಅದೇ, ಜಿಂಕೆ ಅದೇ, ನನ್ನ ಮನೆಯಿಂದ ಮೂರ್ನಾಲ್ಕು ಗಂಟೆ ದಾರಿ. ಇದು ಯಾವ ನ್ಯಾಯ?

ಇನ್ನೂ ಕೆಲವು ಪ್ರಶ್ನೆಗಳಿವೆ. ಇಲಿನಾಯ್ಸ್ ಸರ್ಟಿಫಿಕೇಟ್ ಅಲ್ಲಿ ನಡೆಯುತ್ತಾ? ಯಾವ ಬಂದೂಕು ಒಯ್ಯಬಹುದು? ಸಿಕ್ಕರೆ ಮಾಂಸ ಮನೆಗೆ ತರುವುದು ಹೇಗೆ? ಅನುಭವ ಇದ್ದವರು ಹೇಳಿ.

ಮ್ಯಾಡಿಸನ್‌ನವ:
ಸರ್ಟಿಫಿಕೇಟ್ ನಡೆಯುತ್ತೆ. ಒಂದು ರಾಜ್ಯದ ಬೇಟೆ ತರಬೇತಿಯನ್ನು ಉಳಿದ ರಾಜ್ಯಗಳೂ ಒಪ್ಪುತ್ತವೆ. ಯಾರಿಗೆ ತರಬೇತಿ ಕಡ್ಡಾಯ ಅನ್ನೋದು ಮಾತ್ರ ಒಂದೊಂದು ಕಡೆ ಒಂದೊಂದು ಥರ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಕು. ಮಿನ್ನೆಸೋಟಾದಲ್ಲಿ 1979ರ ನಂತರ ಹುಟ್ಟಿದವರಿಗೆ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರಿಗೆ. ಈ ತಾರೀಖುಗಳನ್ನು ಯಾವ ಜೋಯಿಸರು ಇಟ್ಟರೋ ಗೊತ್ತಿಲ್ಲ.

ಬಂದೂಕು ಸೀಸನ್ ಒಂಬತ್ತು ದಿನ. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಶುರು, ಅದರ ನಂತರದ ಭಾನುವಾರ ಮುಗೀತು. ಆ ಶನಿವಾರ ಬೆಳಿಗ್ಗೆ ಇಲ್ಲಿ ಮದುವೆ ಇಟ್ಟರೆ ಯಾರೂ ಬರೋದಿಲ್ಲ.

ಲೈಸೆನ್ಸನ್ನು ರಾಜ್ಯದ ಗೋ ವೈಲ್ಡ್ ಜಾಲತಾಣದಲ್ಲೇ ಕೊಳ್ಳಬಹುದು. ಮೊದಲ ಸಲ ಕೊಳ್ಳುವವರಿಗೆ ರಿಯಾಯಿತಿ ಇದೆ, ಹೊರರಾಜ್ಯದವರಿಗೂ. ಖಾತೆ ತೆರೆದ ಮೇಲೆ ನಿಮ್ಮ ಹೆಸರಿಗೆ ಯಾವ ಬೆಲೆ ತೋರಿಸುತ್ತೆ ನೋಡಿ, ಆಮೇಲೆ ಬೈಯಿರಿ.

ಬಯಲುಸೀಮೆ_ಟೆಕ್ಸಾಸ್:
200ಕ್ಕೇ ಅಳ್ತಾ ಇದ್ದೀರಾ ಸಾರ್? ನಮ್ಮಲ್ಲಿ ರಾಜ್ಯದವರಿಗೆ 25, ಹೊರಗಿನವರಿಗೆ 315. ಐದು ದಿನದ ಅಗ್ಗದ ಲೈಸೆನ್ಸ್ ಇದೆಯಲ್ಲಾ ಅಂತ ಅದನ್ನು ಕೊಂಡು ಬರುವವರಿದ್ದಾರೆ. ಅದರಲ್ಲಿ ಜಿಂಕೆ ಹೊಡೆಯುವ ಹಾಗಿಲ್ಲ! ಆದರೆ 315 ಕೊಟ್ಟರೆ ಐದು ಜಿಂಕೆ ಟ್ಯಾಗ್ (ಒಂದು ಟ್ಯಾಗಿಗೆ ಒಂದು ಜಿಂಕೆ) ಒಟ್ಟಿಗೇ ಬರುತ್ತೆ. ಅದರಲ್ಲಿ ಎಷ್ಟು ಬಳಸಬಹುದು ಅನ್ನೋದನ್ನು ಕೌಂಟಿ ನಿಯಮ ಹೇಳುತ್ತೆ.

ನಲವತ್ತೆಕರೆ:
ತುಂಗಾತೀರ ಅವರೇ, ನಿಮ್ಮದು ಏನೂ ಅಲ್ಲ. ನಾನಿರೋದು ಇಲಿನಾಯ್ಸ್‌ನಲ್ಲಿ. ವಿಸ್ಕಾನ್ಸಿನ್‌ನಲ್ಲಿ ನನ್ನ ಹೆಸರಿನಲ್ಲೇ ನಲವತ್ತು ಎಕರೆ ಇದೆ. ವರ್ಷಾ ವರ್ಷಾ ಆಸ್ತಿ ತೆರಿಗೆ ಕಟ್ಟುತ್ತೇನೆ. ಆ ಜಿಂಕೆಗಳು ತಿನ್ನೋದು ನನ್ನ ಹೊಲದ ಮೇವು. ಆದರೂ ನಾನು ಹೊರಗಿನವ, 200 ಕಟ್ಟಬೇಕು. ಪಕ್ಕದ ಊರಿನ ಬಾಡಿಗೆ ಮನೆಯಲ್ಲಿರುವ ಹುಡುಗ ಬಂದು 24 ಕೊಟ್ಟು ಹೋಗ್ತಾನೆ. ಇದನ್ನು ಯಾರಾದರೂ ಸಮರ್ಥಿಸಿ ನೋಡೋಣ.

ಕಾನೂನು_ಕಟ್ಟೆ:
ಸಮರ್ಥಿಸುತ್ತೇನೆ. ಜಮೀನು ನಿಮ್ಮದು, ಜಿಂಕೆ ನಿಮ್ಮದಲ್ಲ. ಇಲ್ಲಿ ಕಾಡುಪ್ರಾಣಿ ಯಾರ ಸ್ವಂತ ಆಸ್ತಿಯೂ ಅಲ್ಲ. ಆಯಾ ರಾಜ್ಯ ತನ್ನ ಜನರ ಪರವಾಗಿ ನೋಡಿಕೊಳ್ಳುತ್ತೆ. ಹಾಗಾಗಿ ಎಷ್ಟು ಹೊಡೆಯಬೇಕು, ಯಾವಾಗ, ಯಾವುದರಿಂದ, ಎಷ್ಟು ದುಡ್ಡಿಗೆ ಅನ್ನೋದನ್ನೆಲ್ಲ ರಾಜ್ಯವೇ ತೀರ್ಮಾನಿಸುತ್ತೆ. ಬಾತುಕೋಳಿಯಂಥ ವಲಸೆ ಹಕ್ಕಿಗಳ ವಿಷಯದಲ್ಲಿ ಕೇಂದ್ರದ ಕೈ ಇದೆ. ಜಿಂಕೆ ವಿಷಯ ಹೆಚ್ಚುಕಡಿಮೆ ಪೂರ್ತಿ ರಾಜ್ಯದ್ದೇ.

ಈ ಬೆಲೆ ವ್ಯತ್ಯಾಸ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಮೊಂಟಾನಾದಲ್ಲಿ 1976ರಲ್ಲಿ ಅಲ್ಲಿನವರು ಎಲ್ಕ್ ಅನ್ನೋ ದೊಡ್ಡ ಜಾತಿಯ ಜಿಂಕೆ ಬೇಟೆಗೆ 9 ಡಾಲರ್ ಕೊಟ್ಟರೆ ಸಾಕಿತ್ತು. ಹೊರಗಿನವರಿಗೆ ಎಲ್ಕ್ ಮಾತ್ರ ಬೇಕೆಂದರೂ ಹಲವು ಪ್ರಾಣಿಗಳಿಗೆ ಸೇರಿಸಿ ಕೊಡುವ 225 ಡಾಲರಿನ ಜಂಟಿ ಲೈಸೆನ್ಸೇ ಗತಿ. ಬಾಲ್ಡ್‌ವಿನ್ ಕೇಸು ಅಂತ ಹುಡುಕಿ. 1978ರಲ್ಲಿ ಕೋರ್ಟು 6-3ರಲ್ಲಿ ಮೊಂಟಾನಾ ಪರ ತೀರ್ಪು ಕೊಟ್ಟಿತು. ಹೊಟ್ಟೆಪಾಡಿನ ಕೆಲಸವಾದರೆ ಬೇರೆ ಮಾತು. ಮೋಜಿನ ಬೇಟೆಯಲ್ಲಿ ಹೊರಗಿನವನಿಗೂ ಒಳಗಿನವನಿಗೂ ಸಮಾನ ಹಕ್ಕು ಕೊಡಬೇಕಾಗಿಲ್ಲ ಅನ್ನೋದು ಅದರ ತಿರುಳು.

ಆಮೇಲೆ ಅರಿಜೋನಾ ಹೊರಗಿನವರಿಗೆ ಇಟ್ಟಿದ್ದ 10 ಶೇಕಡಾ ಕೋಟಾ ಬಗ್ಗೆ 2002ರಲ್ಲಿ ಒಂದು ಮೇಲ್ಮನವಿ ಕೋರ್ಟು ತಕರಾರು ಎತ್ತಿತು. 2005ರಲ್ಲಿ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್ಸೇ, ಕಾನೂನು ಮಾಡಿ, ಒಳಗಿನವರು ಹೊರಗಿನವರು ಅಂತ ಭೇದ ಮಾಡುವ ಅಧಿಕಾರ ರಾಜ್ಯಗಳಿಗೆ ಇದೆ ಅಂತ ಬರೆದು ಮುಗಿಸಿತು. ಕೋರ್ಟಿನ ಬಾಗಿಲು ಮುಚ್ಚಿದೆ ಸಾರ್.

ನಲವತ್ತೆಕರೆ:
ಕಾನೂನು ಸರಿ ಇದೆ ಅಂದ ಮಾತ್ರಕ್ಕೆ ನ್ಯಾಯ ಆಗುತ್ತಾ?

ಕಾನೂನು_ಕಟ್ಟೆ:
ನೀವು ಕೇಳಿದ್ದು ಸಮರ್ಥನೆ, ಕೊಟ್ಟೆ.

ಡಿಮಾಯ್ನ್_ದೊಡ್ಡಪ್ಪ:
ಮಕ್ಕಳಾ, ಜಗಳ ಆಡಬೇಡಿ. ಐಯೋವಾ ಕಡೆ ಒಂದು ಸಲ ನೋಡಿ, ವಿಸ್ಕಾನ್ಸಿನ್ ಸ್ವರ್ಗ ಅನಿಸುತ್ತೆ. ಇಲ್ಲಿ ಹೊರಗಿನವರಿಗೆ ಗಂಡಾದರೂ ಹೆಣ್ಣಾದರೂ ಹೊಡೆಯಬಹುದಾದ ಲೈಸೆನ್ಸ್ ಇಡೀ ರಾಜ್ಯಕ್ಕೆ 6,000 ಮಾತ್ರ. ಲಾಟರಿ ಹಾಕುತ್ತಾರೆ. ಸಿಗದಿದ್ದರೆ ಮುಂದಿನ ಲಾಟರಿಯಲ್ಲಿ ಆದ್ಯತೆಗೆ ಒಂದು ಪಾಯಿಂಟ್. ಆ ಪಾಯಿಂಟಿಗೂ ದುಡ್ಡು! ಒಳ್ಳೆ ವಲಯ ಬೇಕಾದರೆ ನಾಲ್ಕೈದು ವರ್ಷ ಪಾಯಿಂಟ್ ಕೂಡಿಸುತ್ತಾ ಕೂರಬೇಕು. ಕೊನೆಗೆ ಸಿಕ್ಕಾಗ ಲೈಸೆನ್ಸ್, ಟ್ಯಾಗ್ ಎಲ್ಲ ಸೇರಿ 600 ಡಾಲರ್ ದಾಟುತ್ತೆ. ನಲವತ್ತೆಕರೆ ಅವರೇ, ಇಲ್ಲಿ ಜಮೀನಿದ್ದರೂ ಹೊರಗಿನವರು ಲಾಟರಿಯಲ್ಲೇ ನಿಲ್ಲಬೇಕು.

ನಮ್ಮಲ್ಲಿ ದೊಡ್ಡ ಕೊಂಬಿನ ಗಂಡು ಜಿಂಕೆ ಇರೋದಕ್ಕೆ ಈ ಬಿಗಿ ನಿಯಮವೂ ಒಂದು ಕಾರಣ. ಕೊಂಬು ಬಲಿಯುವ ಹೊತ್ತಿಗೆ ರೈಫಲ್ ಹಿಡಿದು ಎಲ್ಲರೂ ನುಗ್ಗೋದಿಲ್ಲ. ಬಾಗಿಲು ಪೂರ್ತಿ ತೆರೆದರೆ ಹತ್ತು ವರ್ಷದಲ್ಲಿ ಏನೂ ಉಳಿಯಲ್ಲ. ನಾನಂತೂ ಈ ಕೋಟಾ ಪರ.

ಬಯಲುಸೀಮೆ_ಟೆಕ್ಸಾಸ್:
ದೊಡ್ಡಪ್ಪ, ಒಳಗೆ ಕೂತವರೆಲ್ಲ ಕೋಟಾ ಪರವೇ :)

ಸೊಪ್ಪಿನಸಾರು:
ಒಂದು ಪ್ರಶ್ನೆ. ಬೈಯಬೇಡಿ. ಅಷ್ಟು ಚೆಂದದ ಪ್ರಾಣಿ. ಬಂಡೀಪುರದಲ್ಲಿ ನೋಡಿ ಫೋಟೋ ತೆಗೆದು ಬರುತ್ತಿದ್ದ ನಾವು, ಇಲ್ಲಿ ಬಂದು ಹೊಡೆದು ತಿನ್ನುವುದಾ? ಮನಸ್ಸಾದರೂ ಹೇಗೆ ಬರುತ್ತೆ?

ಕಾಫಿಹೂ:
ಬೈಯಲ್ಲ ಅಕ್ಕಾ. ನಾನು ಕೊಡಗಿನವಳು, ಈಗ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಅಲ್ಲಿಗೂ ಇಲ್ಲಿಗೂ ಲೆಕ್ಕವೇ ಬೇರೆ. 1900ರ ಆಸುಪಾಸಿನಲ್ಲಿ ಅಮೆರಿಕದ ತುಂಬ ಬಿಳಿಬಾಲದ ಜಿಂಕೆ ಉಳಿದಿದ್ದು ಹೆಚ್ಚೆಂದರೆ ಸುಮಾರು ಐದು ಲಕ್ಷ. ಮಾರಾಟಕ್ಕಾಗಿ ಹೊಡೆದು ಹೊಡೆದು ಮುಗಿಸಿದ್ದರು. ಆ ಬೇಟೆಗೆ ಕಡಿವಾಣ ಬಿತ್ತು, ಸೀಸನ್ ಲೈಸೆನ್ಸ್ ಎಲ್ಲ ಬಂತು. ಈಗ ಸುಮಾರು ಮೂರು ಕೋಟಿ ಇವೆ. ಹುಲಿ ಇಲ್ಲ, ಹೆಚ್ಚಿನ ಕಡೆ ತೋಳವೂ ಇಲ್ಲ. ಕಾಡಿನಲ್ಲಿ ಹೊಸ ಸಸಿ ಮೇಲೇಳೋದಕ್ಕೆ ಬಿಡಲ್ಲ. ರಾತ್ರಿ ಕಾರಿಗೆ ಅಡ್ಡ ಬಂದು ಸಾಯುತ್ತವೆ, ಸಾಯಿಸುತ್ತವೆ.

ನಮ್ಮೂರಲ್ಲಿ ಕೈಲ್ ಪೊಳ್ದ್‌ಗೆ ಕೋವಿ ಪೂಜೆ ಮಾಡುತ್ತೇವೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿಯೂ 2029ರವರೆಗೆ ಇದೆ. ಹಾಗಂತ ಕಾಡಿಗೆ ಹೋಗಿ ಜಿಂಕೆ ಹೊಡೆಯೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಥೆ ಮುಗೀತು. ಅದರಲ್ಲಿ ಉಳಿದಿದ್ದ ಬೇಟೆ ಲೈಸೆನ್ಸಿನ ಕಲಂಗಳನ್ನೂ 1991ರಲ್ಲಿ ತೆಗೆದರು. ಅಲ್ಲಿ ಅದು ಸರಿಯೇ. ಇಲ್ಲಿ ಇದು ಸರಿ.

ಸೊಪ್ಪಿನಸಾರು:
ನೀವು ಹೇಳೋದು ಅರ್ಥ ಆಯ್ತು, ಮನಸ್ಸು ಮಾತ್ರ ಒಪ್ಪುತ್ತಿಲ್ಲ. ಇರಲಿ. ಮುಂದುವರಿಸಿ. ನನ್ನ ಹಿತ್ತಲಿನ ಹೀರೆಕಾಯಿ ಬಳ್ಳಿಯನ್ನು ಮಾತ್ರ ಅವು ಮೊನ್ನೆ ಬುಡಸಮೇತ ತಿಂದಿವೆ ಅಂತ ಒಪ್ಪಿಕೊಳ್ಳುತ್ತೇನೆ.

ಬಯಲುಸೀಮೆ_ಟೆಕ್ಸಾಸ್:
ಅಕ್ಕಾ, ಇನ್ನೊಂದು ಬಳ್ಳಿ ಹೋದರೆ ನೀವೂ ಲೈಸೆನ್ಸ್ ಕೇಳ್ತೀರಾ.

ತುಂಗಾತೀರ:
ಬಂದೂಕಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಮ್ಯಾಡಿಸನ್‌ನವ:
ವಿಸ್ಕಾನ್ಸಿನ್‌ನಲ್ಲಿ ಸಾಮಾನ್ಯ ಜಿಂಕೆ ರೈಫಲ್ ಯಾವುದಾದರೂ ನಡೆಯುತ್ತೆ. ಇಲಿನಾಯ್ಸ್‌ನವರಿಗೆ ಗೊಂದಲ ಆಗೋದೇ ಇಲ್ಲಿ. ನಿಮ್ಮಲ್ಲಿ 2022ರವರೆಗೂ ಶಾಟ್‌ಗನ್, ಮಜಲ್‌ಲೋಡರ್ (ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ಬಂದೂಕು), ಕೈಬಂದೂಕು ಅಷ್ಟೇ. 2023ರಿಂದ ರೈಫಲ್ ಬಿಟ್ಟರು. ಅದೂ ಒಂದೇ ಗುಂಡು ಹಿಡಿಯುವಂಥದ್ದು, ಅವರು ಹೇಳಿದ ಕ್ಯಾಲಿಬರ್‌ಗಳಲ್ಲಿ (ಗುಂಡಿನ ಅಳತೆ) ಮಾತ್ರ. ನಿಮ್ಮ ಡುಪೇಜ್ ಕೌಂಟಿಯಲ್ಲಿ, ಕುಕ್‌ನಲ್ಲಿ, ಲೇಕ್‌ನಲ್ಲಿ ಜಿಂಕೆಗೆ ಬಂದೂಕು ಸೀಸನ್ನೇ ಇಲ್ಲ, ಬಿಲ್ಲು ಮಾತ್ರ. ಗೊತ್ತಿರಬೇಕಲ್ಲ?

ಮತ್ತೆ, ಮನೆಯಿಂದ ಗಡಿಯವರೆಗೆ ನೀವು ಇಲಿನಾಯ್ಸ್ ಕಾನೂನಿನ ಕೈಯಲ್ಲಿರುತ್ತೀರಿ. ಗುಂಡು ತೆಗೆದು, ಕೇಸಿನೊಳಗೆ ಇಟ್ಟು, ಫಾಯ್ಡ್ ಕಾರ್ಡ್ (ಬಂದೂಕು ಇಟ್ಟುಕೊಳ್ಳಲು ಇಲಿನಾಯ್ಸ್ ಕೊಡುವ ಗುರುತಿನ ಚೀಟಿ) ಜೇಬಿನಲ್ಲಿಟ್ಟು ಹೊರಡಿ.

ಕಾಫಿಹೂ:
ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಸರಿ, ಸೆಮಿ ಆಟೋಮ್ಯಾಟಿಕ್ ಆದರೆ ಜಿಂಕೆಗೆ ಆಗಲ್ಲ. ಪಕ್ಕದ ನ್ಯೂಜೆರ್ಸಿಯಲ್ಲಿ ಜಿಂಕೆಗೆ ರೈಫಲ್ಲೇ ಇಲ್ಲ, ಶಾಟ್‌ಗನ್, ಮಜಲ್‌ಲೋಡರ್, ಬಿಲ್ಲು ಅಷ್ಟೇ. ಡೆಲವೇರ್ ನದಿ ದಾಟಿದರೆ ನಿಮ್ಮ ಬಂದೂಕು ಬೇರೆ ಆಗಬೇಕು!

ಭಾನುವಾರದ್ದು ಇನ್ನೊಂದು ತಮಾಷೆ. ನಮ್ಮ ರಾಜ್ಯದಲ್ಲಿ ತಲೆತಲಾಂತರದಿಂದ ಭಾನುವಾರ ಜಿಂಕೆ ಬೇಟೆ ಇರಲಿಲ್ಲ. 2019ರ ಕಾನೂನಿನಲ್ಲಿ ಮೂರು ಭಾನುವಾರ ಬಿಟ್ಟರು. 2025ರಲ್ಲಿ ನಿಷೇಧವನ್ನೇ ತೆಗೆದರು, ಯಾವ ಭಾನುವಾರ ಅನ್ನೋದನ್ನು ರಾಜ್ಯದಲ್ಲಿ ಬೇಟೆ ನೋಡಿಕೊಳ್ಳುವ ಗೇಮ್ ಕಮಿಷನ್ ತೀರ್ಮಾನಿಸುತ್ತೆ. ಸೀಸನ್ ಶುರುವಾಗುವ ದಿನವೂ ಹಾಗೇ. ಥ್ಯಾಂಕ್ಸ್‌ಗಿವಿಂಗ್ ನಂತರದ ಸೋಮವಾರ ಇದ್ದದ್ದನ್ನು 2019ರಲ್ಲಿ ಶನಿವಾರಕ್ಕೆ ತಂದಾಗ ನಮ್ಮೂರಿನ ಹಳಬರು ವರ್ಷಗಟ್ಟಲೆ ಗೊಣಗಿದರು. ಅವರಿಗೆ ಆ ಸೋಮವಾರ ಹಬ್ಬ. ಎಷ್ಟೋ ಶಾಲೆಗಳಿಗೂ ರಜೆ ಇರುತ್ತಿತ್ತು.

ನಲವತ್ತೆಕರೆ:
ಬೇರೆ ಬೇಟೆಗಾರರ ಕಣ್ಣಿಗೆ ಬೀಳಲಿ ಅಂತ ಹಾಕಬೇಕಾದ ಕಿತ್ತಳೆ ಬಣ್ಣದ ಬಟ್ಟೆಗೂ ಮೂರು ರಾಜ್ಯಕ್ಕೆ ಮೂರು ಅಳತೆ. ವಿಸ್ಕಾನ್ಸಿನ್‌ನಲ್ಲಿ ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧ. ಪೆನ್ಸಿಲ್ವೇನಿಯಾದಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು. ಇಲಿನಾಯ್ಸ್‌ನಲ್ಲಿ ಟೋಪಿ, ಜೊತೆಗೆ 400 ಚದರ ಇಂಚು. ಟೇಪ್ ಹಿಡಿದು ಹೊರಡಬೇಕು.

ಮ್ಯಾಡಿಸನ್‌ನವ:
ಒಂದು ವೆಸ್ಟ್, ಒಂದು ಟೋಪಿ ಹಾಕಿ ಸಾರ್. ಎಲ್ಲ ಕಡೆ ನಡೆಯುತ್ತೆ. ವಿಸ್ಕಾನ್ಸಿನ್‌ನಲ್ಲಿ 2016ರಿಂದ ಮಿಂಚುವ ಗುಲಾಬಿಯೂ ನಡೆಯುತ್ತೆ.

ಹೊಸಬ_ಎಡಿಸನ್:
ಗುರುಗಳೇ, ನಾನು ಎಚ್-1ಬಿ. ನಮಗೆ ಬಂದೂಕು ಮುಟ್ಟೋ ಹಾಗೇ ಇಲ್ಲ ಅಂತ ಒಬ್ಬರು, ಲೈಸೆನ್ಸ್ ಇದ್ದರೆ ಆಗುತ್ತೆ ಅಂತ ಇನ್ನೊಬ್ಬರು. ಯಾವುದು ನಿಜ?

ಕಾನೂನು_ಕಟ್ಟೆ:
ಎರಡೂ ಅರ್ಧರ್ಧ ನಿಜ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳಬಾರದು ಅಂತ ಕೇಂದ್ರ ಕಾನೂನು ಹೇಳುತ್ತೆ. ಅದೇ ಕಾನೂನಿನಲ್ಲಿ ವಿನಾಯಿತಿಗಳಿವೆ. ಅಮೆರಿಕದ ಒಂದು ರಾಜ್ಯ ಕ್ರಮಪ್ರಕಾರ ಕೊಟ್ಟ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಆ ನಿಷೇಧ ಅನ್ವಯಿಸುವುದಿಲ್ಲ. ಲೈಸೆನ್ಸಿನ ಅವಧಿ ಮುಗಿದ ದಿನ ವಿನಾಯಿತಿಯೂ ಮುಗೀತು. ಬಂದೂಕು ಮನೆಯ ಕಪಾಟಿನಲ್ಲೇ ಇದ್ದರೂ ತಪ್ಪು ತಪ್ಪೇ.

ಇದು ಕೇಂದ್ರದ ಮಾತು. ರಾಜ್ಯದ ನಿಯಮ ಇನ್ನೂ ಬಿಗಿ ಇರಬಹುದು. ನೀವಿರುವ ನ್ಯೂಜೆರ್ಸಿ ಬಂದೂಕಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ವೀಸಾ, ಗ್ರೀನ್ ಕಾರ್ಡ್ ಅರ್ಜಿ ಇರುವಾಗ ಜಿಂಕೆ ಆಸೆಗೆ ಅದನ್ನು ಪಣಕ್ಕಿಡಬೇಡ ತಮ್ಮ. ವಕೀಲರಿಗೆ ಫೀಸ್ ಕೊಟ್ಟು ಬರಹದಲ್ಲಿ ಉತ್ತರ ತಗೋ.

ಡಿಮಾಯ್ನ್_ದೊಡ್ಡಪ್ಪ:
ಅಲ್ಲಿಯವರೆಗೆ ಬಿಲ್ಲು ಕಲಿ. ಕೇಂದ್ರ ಕಾನೂನಿನ ಲೆಕ್ಕದಲ್ಲಿ ಬಿಲ್ಲು ಬಂದೂಕಲ್ಲ. ನಿಮ್ಮ ರಾಜ್ಯದಲ್ಲಿ ಬಿಲ್ಲಿಗೆ ಭಾನುವಾರವೂ ಕೆಲವು ಕಡೆ ಅವಕಾಶ ಇದೆ.

ಹೊಸಬ_ಎಡಿಸನ್:
ಥ್ಯಾಂಕ್ಸ್ ದೊಡ್ಡಪ್ಪ. ಅಂದ ಹಾಗೆ ಹೊರರಾಜ್ಯದವರು ಅಂತ ಅನಿಸಿಕೊಳ್ಳದೇ ಇರೋಕೆ ಎಷ್ಟು ದಿನ ಅಲ್ಲಿ ಇರಬೇಕು? ನಮ್ಮ ಪ್ರಾಜೆಕ್ಟ್ ಮಿನಿಯಾಪೊಲಿಸ್‌ಗೆ ಹೋಗಬಹುದು.

ಮ್ಯಾಡಿಸನ್‌ನವ:
ಮಿನ್ನೆಸೋಟಾದಲ್ಲಿ 60 ದಿನ, ವಿಸ್ಕಾನ್ಸಿನ್‌ನಲ್ಲಿ 30 ದಿನ, ಟೆಕ್ಸಾಸ್‌ನಲ್ಲಿ ಆರು ತಿಂಗಳು. ಸುಮ್ನೆ ದಿನ ಎಣಿಸಿದರೆ ಸಾಲದು, ಅಲ್ಲೇ ನೆಲೆಸಿದ್ದಕ್ಕೆ ಪುರಾವೆ ಬೇಕು. ನನ್ನ ಪರಿಚಯದವರೊಬ್ಬರು ಬೇರೆ ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಂಡೇ ಒಳಗಿನವರ ಟ್ಯಾಗ್ ತಗೊಂಡಿದ್ದರು. ವಾರ್ಡನ್ (ಬೇಟೆ ನಿಯಮ ಜಾರಿ ಮಾಡುವ ಅಧಿಕಾರಿ) ಕೇಳಿದ್ದು ಒಂದೇ ಪ್ರಶ್ನೆ, ತೆರಿಗೆ ಎಲ್ಲಿ ಕಟ್ಟಿದ್ದೀರಿ ಅಂತ. ಉಳಿಸಿದ ದುಡ್ಡಿನ ಹಲವು ಪಟ್ಟು ದಂಡ ಕಟ್ಟಿದರು.

ಕಾನೂನು_ಕಟ್ಟೆ:
ದಂಡಕ್ಕೇ ಮುಗಿಯೋದಿಲ್ಲ ಅನ್ನೋದೂ ಗೊತ್ತಿರಲಿ. ಒಂದು ರಾಜ್ಯದಲ್ಲಿ ಕಾನೂನು ಮೀರಿ ಹೊಡೆದ ಪ್ರಾಣಿಯನ್ನು ಗಡಿ ದಾಟಿಸಿದರೆ 1900ರ ಲೇಸಿ ಕಾಯ್ದೆ ಪ್ರಕಾರ ಅದು ಕೇಂದ್ರದ ಅಪರಾಧ. ಜೊತೆಗೆ ರಾಜ್ಯಗಳ ನಡುವೆ ಒಪ್ಪಂದ ಇದೆ. ಒಂದು ಕಡೆ ಲೈಸೆನ್ಸ್ ರದ್ದಾದರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಬೇಟೆಗೆ ಬಾಗಿಲು ಮುಚ್ಚುತ್ತೆ.

ಬಯಲುಸೀಮೆ_ಟೆಕ್ಸಾಸ್:
ನಮ್ಮಲ್ಲಿ ಬೇಟೆ ಅಂದರೆ ಜೋಳ ಸುರಿಯೋ ಡಬ್ಬ. ಖಾಸಗಿ ಜಮೀನಿನಲ್ಲಿ ಫೀಡರ್ ಇಟ್ಟು, ಮುಂದೆ ಗೂಡು ಕಟ್ಟಿ ಕೂತರೆ ಆಯ್ತು. ಕಾನೂನುಬದ್ಧ. ಆದರೆ ಜಾಗ ಸಿಗಬೇಕಲ್ಲ! ರಾಜ್ಯದ 90ಕ್ಕೂ ಹೆಚ್ಚು ಶೇಕಡಾ ಭೂಮಿ ಖಾಸಗಿ. ಲೀಸ್ ಅಂತ ರ್‍ಯಾಂಚ್‌ನವರಿಗೆ ಕೊಡೋ ದುಡ್ಡಿನ ಮುಂದೆ 315 ಏನೂ ಅಲ್ಲ.

ಮ್ಯಾಡಿಸನ್‌ನವ:
ತುಂಗಾತೀರ, ಇದನ್ನು ಓದಿ ಜೋಳದ ಮೂಟೆ ಹೊತ್ತು ಬರಬೇಡಿ. ರಿಚ್‌ಲ್ಯಾಂಡ್ ಕೌಂಟಿಯಲ್ಲಿ ಮೇವು ಹಾಕಿ ಕರೆಯೋದು ನಿಷಿದ್ಧ. ಇಲಿನಾಯ್ಸ್‌ನಲ್ಲೂ ಆಗಲ್ಲ. ಮಿಷಿಗನ್ ಕೆಳಭಾಗದಲ್ಲಿ 2019ರಲ್ಲಿ ನಿಲ್ಲಿಸಿದರು. ಅದೇ ವರ್ಷ ಅಲಬಾಮಾದಲ್ಲಿ ದುಡ್ಡು ಕೊಟ್ಟರೆ ಮೇವಿಗೇ ಒಂದು ಲೈಸೆನ್ಸ್ ಅಂತ ಶುರು ಮಾಡಿದರು.

ನಿಲ್ಲಿಸಿದ್ದಕ್ಕೆ ಕಾರಣ ಸಿಡಬ್ಲ್ಯುಡಿ ಅನ್ನೋ ರೋಗ. ಜಿಂಕೆಗಳು ಒಂದೇ ಕಡೆ ಬಾಯಿ ಹಾಕಿದರೆ ಬೇಗ ಹರಡುತ್ತೆ. ಮಿದುಳು ಹಾಳಾಗಿ, ಸೊರಗಿ ಸಾಯುತ್ತವೆ. 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಕಂಡಿದ್ದು. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಸಿಕ್ಕಿತು, ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ನೀವು ಹೋಗುತ್ತಿರುವ ಕೌಂಟಿ ಅದು ಜಾಸ್ತಿ ಇರುವ ಕಡೆಗೇ ಸೇರಿದೆ.

ತುಂಗಾತೀರ:
ಅಯ್ಯೋ! ಹಾಗಾದರೆ ತಿನ್ನಬಹುದಾ? ಕುಕ್ಕರ್‌ನಲ್ಲಿ ನಾಲ್ಕು ವಿಶಲ್ ಜಾಸ್ತಿ ಕೂಗಿಸಿದರೆ ಸಾಕಲ್ವಾ?

ಮ್ಯಾಡಿಸನ್‌ನವ:
ಸಾಲದು. ಇದು ಬ್ಯಾಕ್ಟೀರಿಯಾ ಅಲ್ಲ, ಪ್ರಿಯಾನ್ ಅನ್ನೋ ಕೆಟ್ಟ ಪ್ರೋಟೀನ್. ಬೇಯಿಸಿದರೆ ಸಾಯೋದಿಲ್ಲ. ಮನುಷ್ಯರಿಗೆ ಬಂದ ಖಚಿತ ಉದಾಹರಣೆ ಇದುವರೆಗೆ ಇಲ್ಲ. ಆದರೂ ರೋಗ ಪತ್ತೆಯಾದ ಜಿಂಕೆ ತಿನ್ನಬೇಡಿ ಅಂತಲೇ ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತೆ. ವಿಸ್ಕಾನ್ಸಿನ್‌ನಲ್ಲಿ ಪರೀಕ್ಷೆ ಉಚಿತ. ಅಲ್ಲಲ್ಲಿ ಡಬ್ಬ ಇಟ್ಟಿರುತ್ತಾರೆ. ತಲೆಯನ್ನು ಚೀಲಕ್ಕೆ ಹಾಕಿ, ಚೀಟಿ ಬರೆದು ಬಿಟ್ಟು ಬಂದರೆ ಆಯ್ತು. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿ ಬೇರೆ ಇರಲಿ. ನಾವಂತೂ ಪ್ರತಿಯೊಂದನ್ನೂ ಪರೀಕ್ಷೆ ಮಾಡಿಸುತ್ತೇವೆ. "ಏನಾಗಲ್ಲ ಬಿಡು" ಅನ್ನೋ ಹಳಬರೂ ಇದ್ದಾರೆ, ಅವರ ಮಾತು ಕೇಳಬೇಡಿ.

ಗಡಿ ದಾಟಿಸುವಾಗ ಇಡೀ ಜಿಂಕೆಯನ್ನು ಟ್ರಕ್ ಮೇಲೆ ಕಟ್ಟಿಕೊಂಡು ಹೋಗುವ ಕಾಲ ಹೋಯ್ತು. ತಲೆ, ಮಿದುಳು, ಬೆನ್ನುಮೂಳೆ ಅಲ್ಲೇ ಬಿಡಿ. ಮೂಳೆ ಬಿಡಿಸಿದ ಮಾಂಸ ಕೂಲರ್‌ನಲ್ಲಿ ತಂದರೆ ಯಾವ ರಾಜ್ಯದವರೂ ಕೇಳಲ್ಲ. ಕೊಂಬು ಬೇಕಾದರೆ ತಲೆಬುರುಡೆಯ ಮೇಲ್ಭಾಗ ಕತ್ತರಿಸಿ, ಮಿದುಳಿನ ಅಂಶ ಉಳಿಯದಂತೆ ಶುಚಿ ಮಾಡಿ.

ಕಾಫಿಹೂ:
ಮಾಂಸಕ್ಕೆ ಕಾಚಂಪುಳಿ ಹಾಕಿ ಕರಿಮೆಣಸಿನಲ್ಲಿ ಹುರಿದರೆ ಹಂದಿಗಿಂತ ಏನೂ ಕಡಿಮೆ ಇಲ್ಲ. ಕೊಬ್ಬು ಇಲ್ಲದ ಮಾಂಸ, ಜಾಸ್ತಿ ಹೊತ್ತು ಒಲೆ ಮೇಲಿಟ್ಟರೆ ಚಪ್ಪಲಿ ಆಗುತ್ತೆ. ಕಾಲಿನ ಭಾಗ ಮಾತ್ರ ನಿಧಾನ ಬೇಯಲಿ.

ಸೊಪ್ಪಿನಸಾರು:
ನಾನಿಲ್ಲಿ ಯಾಕೆ ಬಂದೆನೋ.

ಮಾಡರೇಟರ್:
ಅಡುಗೆ ವಿಷಯಕ್ಕೆ ಬೇರೆ ಎಳೆ ಇದೆ. ದಯವಿಟ್ಟು ಲೈಸೆನ್ಸ್ ವಿಷಯಕ್ಕೆ ಬನ್ನಿ.

ನಲವತ್ತೆಕರೆ:
ಬರ್ತೀನಿ. ಕಾನೂನು_ಕಟ್ಟೆ ಅವರೇ, ರಾಜ್ಯದವರ ಆಸ್ತಿ ಅಂತೀರಿ. ಹಾಗಾದರೆ ನ್ಯಾಷನಲ್ ಫಾರೆಸ್ಟ್ ಯಾರದ್ದು? ಅದು ಇಡೀ ದೇಶದ್ದು, ನನ್ನ ತೆರಿಗೆ ದುಡ್ಡಿನದ್ದು. ವಯೋಮಿಂಗ್‌ನಲ್ಲಿ ಕೇಂದ್ರದ ವಿಲ್ಡರ್‌ನೆಸ್ (ಕಾಡಾಗಿಯೇ ಉಳಿಸಿದ) ಜಾಗದಲ್ಲೂ ಹೊರಗಿನವರು ಗೈಡ್ ಅಥವಾ ಅಲ್ಲಿನವರೊಬ್ಬರು ಜೊತೆಗಿಲ್ಲದೆ ಜಿಂಕೆ, ಎಲ್ಕ್ ಬೇಟೆ ಆಡುವ ಹಾಗಿಲ್ಲ. ಕ್ಯಾಮೆರಾ ಹಿಡಿದು ಒಬ್ಬನೇ ಹೋಗಬಹುದಂತೆ. ಬಂದೂಕು ಹಿಡಿದರೆ ದಾರಿ ತಪ್ಪುತ್ತೀನಾ?

ಕಾನೂನು_ಕಟ್ಟೆ:
ವಯೋಮಿಂಗ್‌ನದ್ದು ಅತಿಯಾಯ್ತು, ಒಪ್ಪುತ್ತೇನೆ. ಅದು ಗೈಡ್‌ಗಳ ಹೊಟ್ಟೆ ತುಂಬಿಸೋ ನಿಯಮ. ಬೆಲೆಯ ವಿಷಯ ಹಾಗಲ್ಲ. ವಾರ್ಡನ್ ಸಂಬಳ, ಜಿಂಕೆ ಸಮೀಕ್ಷೆ, ರೋಗ ಪರೀಕ್ಷೆಯ ಖರ್ಚೆಲ್ಲ ಬಹುಪಾಲು ಬೇಟೆಗಾರರಿಂದಲೇ ಬರೋದು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್, ಶಾಟ್‌ಗನ್, ಗುಂಡಿನ ಮೇಲೆ 11 ಶೇಕಡಾ ತೆರಿಗೆ ಇದೆ. ಅದನ್ನು ರಾಜ್ಯದ ವಿಸ್ತೀರ್ಣ ಮತ್ತು ಲೈಸೆನ್ಸ್ ಇರುವವರ ಸಂಖ್ಯೆ ನೋಡಿ ಹಂಚುತ್ತಾರೆ. ಆ ಹಣ ಬೇಕಾದರೆ ಲೈಸೆನ್ಸ್ ದುಡ್ಡನ್ನು ರಸ್ತೆಗೋ ಇನ್ಯಾವುದಕ್ಕೋ ತಿರುಗಿಸುವ ಹಾಗಿಲ್ಲ. ಅಂದರೆ ನಿಮ್ಮ 200 ಜಿಂಕೆಗೇ ಹೋಗುತ್ತೆ.

ಇನ್ನೊಂದು ಮಾತು. ವಿಸ್ಕಾನ್ಸಿನ್ ಶಾಸಕರಿಗೆ ವೋಟು ಹಾಕೋರು ವಿಸ್ಕಾನ್ಸಿನ್‌ನವರು. ಅವರ 24 ಅನ್ನು 30 ಮಾಡಿದರೆ ಗಲಾಟೆ. ನಿಮ್ಮ 160 ಅನ್ನು 2023ರಲ್ಲಿ 200 ಮಾಡಿದರು, ಯಾರಾದರೂ ಕೇಳಿದರಾ?

ನಲವತ್ತೆಕರೆ:
ಅದನ್ನೇ ನಾನು ಮೊದಲಿನಿಂದ ಹೇಳ್ತಾ ಇರೋದು!!

ತುಂಗಾತೀರ:
ಸರಿ, ಗೋ ವೈಲ್ಡ್ ಖಾತೆ ತೆರೆದೆ. ಬಂದೂಕು ಸೀಸನ್ ಲೈಸೆನ್ಸಿನ ಜೊತೆಗೆ ಒಂದು ಗಂಡು ಜಿಂಕೆ ಟ್ಯಾಗ್ ಬರುತ್ತೆ. ಕೊಂಬಿಲ್ಲದ ಜಿಂಕೆಗೂ ಟ್ಯಾಗ್ ಇದೆ, ಆದರೆ ಕೌಂಟಿ ಆರಿಸು, ಖಾಸಗಿಯೋ ಸಾರ್ವಜನಿಕವೋ ಆರಿಸು ಅಂತ ಕೇಳ್ತಾ ಇದೆ. ಏನು ಒತ್ತಲಿ?

ಮ್ಯಾಡಿಸನ್‌ನವ:
ರಿಚ್‌ಲ್ಯಾಂಡ್, ಖಾಸಗಿ. ಸಾರ್ವಜನಿಕ ಅಂತ ಒತ್ತಿದರೆ ಮಾವನವರ ಜಮೀನಿನಲ್ಲಿ ಹೆಣ್ಣು ಜಿಂಕೆ ಎದುರಿಗೆ ಬಂದು ನಿಂತರೂ ಸುಮ್ನೆ ನೋಡುತ್ತಾ ಕೂರಬೇಕು. ಹೆಚ್ಚುವರಿ ಟ್ಯಾಗ್ ಬೇಕಾದರೆ ನಮಗೆ 12, ನಿಮಗೆ 20. ಇಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ, ಯಾಕೆಂದರೆ ಹೆಣ್ಣು ಜಿಂಕೆ ಕಡಿಮೆ ಆಗಲಿ ಅನ್ನೋದು ಅವರಿಗೇ ಬೇಕು. ಹೊಡೆದ ಮೇಲೆ ಮರುದಿನ ಸಂಜೆ 5ರೊಳಗೆ ಫೋನಿನಲ್ಲೋ ತಾಣದಲ್ಲೋ ನೋಂದಾಯಿಸಬೇಕು. ಇಲಿನಾಯ್ಸ್‌ನ ಹಾಗೆ ಅದೇ ರಾತ್ರಿ 10ರ ಗಡಿಬಿಡಿ ಇಲ್ಲ.

ತುಂಗಾತೀರ:
ಒತ್ತಿದೆ. ಮಾವನವರ ಜಮೀನಿನ ಬೇಲಿ ಆಚೆ ಯಾರದ್ದು ಅಂತ ಈಗಲೇ ಕೇಳಿಡುತ್ತೇನೆ. ಗುಂಡು ತಗಲಿದ ಜಿಂಕೆ ಆಚೆ ಹಾರಿದರೆ ಏನು ಮಾಡೋದು?

ಮ್ಯಾಡಿಸನ್‌ನವ:
ಆಚೆಯವರ ಅನುಮತಿ ಇಲ್ಲದೆ ಕಾಲಿಡಬೇಡಿ, ಜಿಂಕೆ ಕಣ್ಣಿಗೆ ಕಾಣ್ತಾ ಇದ್ದರೂ. ಅವರ ಫೋನ್ ನಂಬರ್ ಮೊದಲೇ ತಗೊಂಡಿರಿ.

ನಲವತ್ತೆಕರೆ:
ಆಚೆ ಕಡೆಯವನು ನಾನೇ ಆಗಿದ್ದರೆ 200 ಡಾಲರ್ ಕೇಳ್ತೀನಿ.